ಮರೆಯದ ಕತೆ ಬೇಕಾದರೆ ಜಗಳ ಹುಟ್ಟಿಸುವ ಕತೆ ಹುಡುಕಿ

ಪ್ರಶ್ನೆ: ಮೇಡಂ, ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಏಳೆಂಟು ಮಂದಿ ಸೇರಿ ಸಣ್ಣ ಕತೆ ಓದುತ್ತೇವೆ. ಪ್ರತಿ ಸಲ ಒಬ್ಬರು ತಮಗೆ ಇಷ್ಟವಾದ ಒಂದು ಕತೆಯನ್ನು ಉಳಿದವರಿಗೆ ಸೂಚಿಸಬೇಕು. ಆದರೆ ಅರ್ಧ ಮಂದಿ ಓದಿಕೊಂಡೇ ಬರುವುದಿಲ್ಲ. ಓದಿದವರು "ತುಂಬಾ ಚೆನ್ನಾಗಿದೆ" ಎಂದು ಸುಮ್ಮನಾಗುತ್ತಾರೆ. ಆಮೇಲೆ ಚಾ, ಗೋಳಿಬಜೆ, ಮಕ್ಕಳ ಸುದ್ದಿ. ಮುಂದಿನ ಸರದಿ ನನ್ನದು. ಒಮ್ಮೆ ಓದಿದರೆ ಮರೆಯಲಾಗದ ಕತೆಗಳು ಯಾವುವು? ನಮ್ಮಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು, ಇಬ್ಬರು ಟೀಚರ್‌ಗಳು, ಮುಂಬೈಯಲ್ಲಿ ಹೋಟೆಲ್ ನಡೆಸಿ ಊರಿಗೆ ಮರಳಿದ ಹಿರಿಯರೊಬ್ಬರು ಇದ್ದಾರೆ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ನನ್ನ ಮಗಳೂ ಕೂರುತ್ತಾಳೆ. ಅವಳ ಕನ್ನಡ ಓದು ನಿಧಾನ. ಅವಳಿಗೆ ಯಾವುದು ಆದೀತು?

ಉತ್ತರ: ನಿಮ್ಮ ಗುಂಪಿನ ತೊಂದರೆ ಓದದೇ ಬರುವವರಿಂದ ಅಲ್ಲ, "ತುಂಬಾ ಚೆನ್ನಾಗಿದೆ" ಎನ್ನುವವರಿಂದ. ಎಲ್ಲರೂ ಒಪ್ಪಿದ ಮೇಲೆ ಮಾತಾಡಲು ಏನು ಉಳಿಯುತ್ತದೆ ಹೇಳಿ? ಚಾ ಮಾತ್ರ. ನೀವು ಸೂಚಿಸುವ ಕತೆ ನಿಮ್ಮ ಬ್ಯಾಂಕ್ ಮ್ಯಾನೇಜರಿಗೂ ಟೀಚರಿಗೂ ಮಧ್ಯೆ ಒಂದು ಸಣ್ಣ ಜಗಳ ಹಚ್ಚಬೇಕು. ಕತೆಯೊಳಗಿನ ಒಬ್ಬ ವ್ಯಕ್ತಿಯ ಬಗ್ಗೆ ಒಬ್ಬರು "ಅವನದ್ದೇ ತಪ್ಪು" ಎನ್ನಬೇಕು, ಇನ್ನೊಬ್ಬರು "ಅವನೇನು ಮಾಡಬೇಕಿತ್ತು ಮತ್ತೆ?" ಎಂದು ಕೇಳಬೇಕು. ಹಾಗೆ ವಾದ ಮಾಡಿಕೊಂಡು ಮನೆಗೆ ಹೋದವರು ಆ ಕತೆಯನ್ನು ಮರೆಯುವುದಿಲ್ಲ. ಮಂಗಳೂರಿನ ಕಾಲೇಜಿನಲ್ಲಿ ಸಣ್ಣಕತೆಯ ಪಾಠ ಮಾಡುತ್ತಿದ್ದ ಕಾಲದಿಂದಲೂ ನಾನು ಕತೆ ಆರಿಸುವುದು ಹೀಗೆಯೇ. ಲೇಖಕರಿಗೆ ಬಂದ ಪ್ರಶಸ್ತಿ, ಭಾಷೆಯ ಸೊಗಸು ಎಲ್ಲ ಆಮೇಲೆ.

ಕೊನೆಯ ಸಾಲಿನಲ್ಲಿ ತಿರುವು ಕೊಡುವ ಕತೆಗಳ ಬಗ್ಗೆ ಸ್ವಲ್ಪ ಜಾಗ್ರತೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಅರ್ಧ ಪುಟದ ನೀತಿಕತೆಗಳೆಲ್ಲ ಇದೇ ಜಾತಿ. ಓದುವಾಗ "ಅಯ್ಯೋ" ಅನಿಸುತ್ತದೆ. ಗುಟ್ಟು ಗೊತ್ತಾದ ಮೇಲೆ ಎರಡನೇ ಸಲ ಓದಲು ಅದರಲ್ಲಿ ಏನೂ ಇರುವುದಿಲ್ಲ. ಫ್ರೆಂಚ್ ಕತೆಗಾರ ಮೊಪಾಸಾ 1884ರಲ್ಲಿ ಬರೆದ ನೆಕ್ಲೇಸ್ ಕತೆಯಲ್ಲೂ ಕೊನೆಗೆ ತಿರುವು ಇದೆ. ಎರವಲು ತಂದ ಹಾರ ಕಳೆದುಹೋಗುತ್ತದೆ, ಗಂಡ ಹೆಂಡತಿ 36,000 ಫ್ರಾಂಕಿಗೆ ಬೇರೆ ಹಾರ ಕೊಂಡು ಕೊಡುತ್ತಾರೆ, ಸಾಲ ತೀರಿಸಲು ಹತ್ತು ವರ್ಷ ದುಡಿಯುತ್ತಾರೆ. ಮೊದಲಿನ ಹಾರ ಹೆಚ್ಚೆಂದರೆ 500 ಫ್ರಾಂಕಿನ ನಕಲಿ ಎಂದು ಕೊನೆಗೆ ತಿಳಿಯುತ್ತದೆ. ಆದರೆ ಆ ಕತೆ ಇವತ್ತಿಗೂ ಬದುಕಿರುವುದು ತಿರುವಿನಿಂದ ಅಲ್ಲ, ಆ ಹತ್ತು ವರ್ಷಗಳಿಂದ. ಹಾರ ಕಳೆದ ದಿನವೇ ಗೆಳತಿಯ ಹತ್ತಿರ ಹೋಗಿ ನಿಜ ಹೇಳಲು ಅವಳಿಗೆ ಯಾಕೆ ಆಗಲಿಲ್ಲ ಎಂದು ಕೇಳಿ ನೋಡಿ. ನಿಮ್ಮ ಮಗಳು ಒಂದು ಹೇಳುತ್ತಾಳೆ, ನೀವು ಇನ್ನೊಂದು ಹೇಳುತ್ತೀರಿ.

ನಿಮ್ಮ ಸರದಿಗೆ ನಾನು ಮೊದಲು ಹೇಳುವುದು ಮಾಸ್ತಿಯವರ "ಮೊಸರಿನ ಮಂಗಮ್ಮ". "ಅಯ್ಯೋ, ಅದು ಪಾಠದಲ್ಲಿ ಇತ್ತಲ್ಲ" ಎಂದು ಯಾರಾದರೂ ಮೂಗು ಮುರಿಯಬಹುದು. ಮುರಿಯಲಿ. ಪರೀಕ್ಷೆಗಾಗಿ ಓದಿದ್ದನ್ನು ಓದಿದ ಲೆಕ್ಕಕ್ಕೆ ನಾನು ಸೇರಿಸುವುದಿಲ್ಲ. ಬೆಂಗಳೂರಿಗೆ ಮೊಸರು ಮಾರಲು ಬರುವ ಮಂಗಮ್ಮ, ವಾಡಿಕೆ ಮನೆಯ ಯಜಮಾನಿಯ ಹತ್ತಿರ ತನ್ನ ಕಷ್ಟ ಹೇಳಿಕೊಳ್ಳುತ್ತಾಳೆ. ಸೊಸೆ ನಂಜಮ್ಮ ಮೊಮ್ಮಗನಿಗೆ ಹೊಡೆದಳು, ತಾನು ಕೇಳಿದ್ದಕ್ಕೆ ಜಗಳ ಆಯಿತು, ಮಗ ಹೆಂಡತಿಯ ಕಡೆ ನಿಂತ, ಒಲೆ ಬೇರೆಯಾಯಿತು. ಇಷ್ಟು ಕೇಳುವಾಗ ಮನಸ್ಸು ಪೂರಾ ಅತ್ತೆಯ ಕಡೆಗೆ ವಾಲುತ್ತದೆ. ಆಮೇಲೆ ಮಾಸ್ತಿಯವರು ಒಂದು ಕೆಲಸ ಮಾಡುತ್ತಾರೆ. ಸೊಸೆಯನ್ನೂ ಅದೇ ಮನೆಯ ಬಾಗಿಲಿಗೆ ಕರೆದುಕೊಂಡು ಬರುತ್ತಾರೆ. ಅವಳೂ ತನ್ನ ಮಾತು ಹೇಳುತ್ತಾಳೆ. ಅಜ್ಜಿಯ ಮೇಲಿನ ಪ್ರೀತಿಯಿಂದ ಓಡಿಬಂದ ಎಂದು ನಾವು ತಿಳಿದ ಮೊಮ್ಮಗನನ್ನು ಕಳಿಸಿದ್ದು ಆ ಸೊಸೆಯೇ. ಅತ್ತೆಯ ಕೈಯಲ್ಲಿದ್ದ ದುಡ್ಡು ಹೊರಗಿನವನ ಪಾಲಾಗದಿರಲಿ ಎಂಬ ಲೆಕ್ಕವೂ ಅದರ ಹಿಂದೆ ಇತ್ತು.

ಹಾಗಾದರೆ ನಂಜಮ್ಮ ಜಾಣೆಯೋ, ಕೆಟ್ಟವಳೋ? ಮನೆ ಮತ್ತೆ ಒಂದಾಯಿತಲ್ಲ, ಲೆಕ್ಕ ಹಾಕಿದರೆ ಏನಾಯಿತು? ಅತ್ತೆಯಾದವರು, ಸೊಸೆಯಾಗಿ ಇದ್ದು ಬಂದವರು, ಇಬ್ಬರ ಮಧ್ಯೆ ಸಿಕ್ಕಿಕೊಂಡ ಗಂಡಸರು ಎಲ್ಲ ಒಂದೇ ಕೋಣೆಯಲ್ಲಿ ಕೂತಿರುವಾಗ ಈ ಪ್ರಶ್ನೆ ಹಾಕಿ, ಸುಮ್ನೆ ನೋಡುತ್ತಾ ಕೂರಿ. ಮಾಸ್ತಿ ಯಾರ ಪರವಾಗಿಯೂ ತೀರ್ಪು ಕೊಡುವುದಿಲ್ಲ. ತಣ್ಣಗೆ, ಪಕ್ಕದ ಮನೆಯವರ ಸುದ್ದಿ ಹೇಳಿದ ಹಾಗೆ ಹೇಳಿ ಮುಗಿಸುತ್ತಾರೆ. ಅವರನ್ನು ಬರೇ ಒಳ್ಳೆಯತನದ ಕತೆಗಾರ ಎಂದು ಬದಿಗಿಟ್ಟವರು ಈ ಕತೆಯನ್ನು ಇನ್ನೊಮ್ಮೆ ಓದಬೇಕು. ಇದರೊಳಗೆ ಎಷ್ಟು ಲೋಕಜ್ಞಾನ ಉಂಟು ಎನ್ನುವುದು ನಮಗೂ ವಯಸ್ಸಾದ ಮೇಲೆಯೇ ಕಾಣುವುದು. (ಸೊಸೆಯ ಗುಟ್ಟು ನಿಮಗೆ ಮಾತ್ರ ಹೇಳಿದ್ದೇನೆ. ಗುಂಪಿನಲ್ಲಿ ಮೊದಲೇ ಹೇಳಿಬಿಡಬೇಡಿ ಮಾರಾಯ್ರೇ.)

ಎರಡನೆಯದು ಯು. ಆರ್. ಅನಂತಮೂರ್ತಿಯವರ "ಸೂರ್ಯನ ಕುದುರೆ". ಇದು ಸ್ವಲ್ಪ ಉದ್ದ, ಮೊದಲ ತಿಂಗಳಿಗೆ ಬೇಡ. ಓದಿ ದೊಡ್ಡ ಮನುಷ್ಯನಾಗಿ ಊರಿಗೆ ಬಂದ ಅನಂತುವಿಗೆ ಬಾಲ್ಯದ ಗೆಳೆಯ ಹಡೆ ವೆಂಕಟ ಸಿಗುತ್ತಾನೆ. ವೆಂಕಟ ಬದುಕಿನಲ್ಲಿ ಏನೂ ಸಾಧಿಸಿದವನಲ್ಲ. ಆದರೆ ಮೈಗೆ ಎಣ್ಣೆ ಹಚ್ಚಿ ನೀರು ಹಾಕುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಆ ಎಣ್ಣೆಸ್ನಾನದ ಪುಟಗಳನ್ನು ಗಟ್ಟಿಯಾಗಿ ಓದಿಸಿ. ನಮ್ಮ ಕಡೆ ದೀಪಾವಳಿಯ ಹಿಂದಿನ ಸಂಜೆ ಬಚ್ಚಲ ಹಂಡೆಗೆ ನೀರು ತುಂಬಿಸಿ, ಬೆಳಿಗ್ಗೆ ಎಣ್ಣೆ ಹಚ್ಚಿಸಿಕೊಂಡು ಬೆಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಅನಂತುವಿನ ತಲೆಯಲ್ಲಿ ತುಂಬಿದ ಬಿಗುಮಾನ ಎಲ್ಲ ಅಲ್ಲಿ ಕರಗುತ್ತದೆ. ವೆಂಕಟನೇ ನಿಜವಾಗಿ ಬದುಕಿದವನು ಅನಿಸಿಬಿಡುತ್ತದೆ.

ಆದರೆ ವೆಂಕಟನ ಹೆಂಡತಿಯ ಮುಖ ನೋಡಿದ್ದೀರಾ? ಮಗನ ಸಿಟ್ಟು? ಕೈಲಾಗದ ಗಂಡನನ್ನು ಕಟ್ಟಿಕೊಂಡು ಸಂಸಾರ ಎಳೆಯುವವಳಿಗೆ ಅವನ ಮುಗ್ಧತೆ ಎಷ್ಟು ಹೊತ್ತು ಚಂದ ಕಂಡೀತು? ನಾನು ಕಂಡ ಹಾಗೆ ಈ ಕತೆ ಬಂದಾಗಲೆಲ್ಲ ಓದುಗರು ಎರಡು ಪಕ್ಷ ಆಗುತ್ತಾರೆ. ಹೆಚ್ಚಾಗಿ ಗಂಡಸರು ವೆಂಕಟನನ್ನು ಸಂತ ಮಾಡುತ್ತಾರೆ, ಹೆಂಗಸರು "ಅವನ ಮನೆಯ ಅಕ್ಕಿ ಡಬ್ಬಿ ಯಾರು ತುಂಬಿಸುತ್ತಾರೆ?" ಎಂದು ಕೇಳುತ್ತಾರೆ. ಕೊನೆಯಲ್ಲಿ ಬರುವ ಆ ಹುಳದ ಚಿತ್ರ, ಅದಕ್ಕೇ ಸೂರ್ಯನ ಕುದುರೆ ಎಂದು ಹೆಸರು, ಎರಡೂ ಪಕ್ಷದವರನ್ನು ಸ್ವಲ್ಪ ಹೊತ್ತು ಬಾಯಿ ಮುಚ್ಚಿಸುತ್ತದೆ. ಅನಂತಮೂರ್ತಿ ಅಂದ ಕೂಡಲೇ ಎಲ್ಲರೂ "ಘಟಶ್ರಾದ್ಧ" ಎನ್ನುತ್ತಾರೆ. ಅದು ದೊಡ್ಡ ಕತೆ, ಸಂದೇಹವಿಲ್ಲ. ಆದರೆ ಗಿರೀಶ ಕಾಸರವಳ್ಳಿಯವರ 1977ರ ಸಿನಿಮಾ ನೋಡಿದವರು ಕತೆ ಓದಿದ್ದೇವೆ ಎಂದು ಭಾವಿಸಿಕೊಂಡಿರುತ್ತಾರೆ. ಅಲ್ಲಿಗೆ ಮಾತು ಸಿನಿಮಾದ ಕಡೆ ತಿರುಗುತ್ತದೆ.

ಸಿನಿಮಾ ವಿಷಯ ಬಂತಲ್ಲ, ನಿಮ್ಮ ಪಕ್ಕದವರನ್ನೇ ತೆಗೆದುಕೊಳ್ಳಿ. ವೈದೇಹಿ ಕುಂದಾಪುರದವರು, ಮಣಿಪಾಲದಲ್ಲಿ ನೆಲೆಸಿದವರು. ಉಡುಪಿಯಲ್ಲಿ ಕತೆ ಓದುವ ಗುಂಪು ಇದ್ದು ಅವರ ಕತೆ ಬಾರದಿದ್ದರೆ ಅದು ಕಡಲ ಬದಿಯಲ್ಲಿ ಕೂತು ಒಣಮೀನು ತರಿಸಿ ತಿಂದ ಹಾಗೆ. ಅವರ "ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು" ಕತೆಯಲ್ಲಿ ಸಣ್ಣ ಪೇಟೆಗೆ ಒಂದು ಟಾಕೀಸು ಬರುತ್ತದೆ. ಹೆರಿಗೆ ಮಾಡಿಸುವ ಲಿಲ್ಲಿಬಾಯಿ ಹೆಂಗಸರ ಕಡೆಯ ಗೇಟ್ ಕಾಯಲು ನಿಲ್ಲುತ್ತಾಳೆ. ಪೇಟೆಯ ಹೆಂಗಸರ ಬದುಕಿನಲ್ಲಿ ಅಲೆ ಏಳುತ್ತದೆ. ಕಾಸರವಳ್ಳಿಯವರ 2008ರ "ಗುಲಾಬಿ ಟಾಕೀಸ್" ನೋಡಿದವರು ಈ ಕತೆ ಓದಿದರೆ ಬೆಚ್ಚುತ್ತಾರೆ. ಸಿನಿಮಾದ ಗುಲಾಬಿ ಮುಸ್ಲಿಂ ಸೂಲಗಿತ್ತಿ, ಕಾಲ ಕಾರ್ಗಿಲ್ ಯುದ್ಧದ ಹೊತ್ತು, ಟಾಕೀಸಿನ ಜಾಗದಲ್ಲಿ ಮನೆಗೆ ಬಂದ ಟೀವಿ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಆ ಪಾತ್ರಕ್ಕೆ. ಎರಡೂ ಬೇರೆ ಬೇರೆ ಕೃತಿಗಳು, ಎರಡೂ ಒಳ್ಳೆಯವು. ಕತೆ ಓದಿಸಿ, ಸಿನಿಮಾ ತೋರಿಸಿ, ಆಮೇಲೆ ಒಂದೇ ಪ್ರಶ್ನೆ ಕೇಳಿ: ಹಾಗೆ ಬದಲಾಯಿಸುವ ಹಕ್ಕು ನಿರ್ದೇಶಕರಿಗೆ ಉಂಟಾ? ಆ ದಿನ ಗೋಳಿಬಜೆ ತಣ್ಣಗಾಗುತ್ತದೆ.

ನನಗೆ ವೈದೇಹಿಯವರ ಕತೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಡುವುದು "ಅಕ್ಕು". ಮನೆಯವರೆಲ್ಲ ಹುಚ್ಚಿ ಎನ್ನುವ ಹೆಂಗಸು. ಅವಳು ಎಸೆಯುವ ಮಾತು ಮಾತ್ರ ಸರಿಯಾದ ಜಾಗಕ್ಕೇ ಹೋಗಿ ತಗಲುತ್ತದೆ. ಹುಚ್ಚು ಯಾರಿಗೆ ಎಂಬ ಪ್ರಶ್ನೆಯನ್ನು ನಾವು ಹಾಕುವ ಮೊದಲೇ ಕತೆ ಹಾಕಿರುತ್ತದೆ. ನಿಮ್ಮ ಗುಂಪಿನಲ್ಲಿ ಕುಂದಾಪುರದ ಕಡೆಯವರು ಇದ್ದರೆ ಮಾತುಕತೆಯ ಭಾಗ ಅವರಿಂದಲೇ ಓದಿಸಿ. ಕುಂದಗನ್ನಡ ಕಣ್ಣಿಗಿಂತ ಕಿವಿಗೆ ಚೆನ್ನಾಗಿ ಸಿಗುತ್ತದೆ. ಒಂದು ಎಚ್ಚರಿಕೆ: ಇಂಥ ಕತೆ ಓದಿದ ದಿನ ಕೆಲವರು ತಮ್ಮ ಮನೆಯ ಅಕ್ಕುಗಳ ಸುದ್ದಿ ತೆಗೆಯುತ್ತಾರೆ. ತೆಗೆಯಲಿ, ತಡೆಯಬೇಡಿ. ಕತೆಗೆ ಮರಳಿ ಬರಲು ಅವಸರ ಮಾಡಬೇಡಿ.

ಲಂಕೇಶರ "ಮುಟ್ಟಿಸಿಕೊಂಡವನು" ಚಿಕ್ಕದು, ನೇರ. ಬಸಲಿಂಗನ ಕಣ್ಣಿಗೆ ಚಿಕಿತ್ಸೆ ಮಾಡಿದ ಡಾಕ್ಟರು ದಲಿತರು ಎಂದು ಅವನಿಗೆ ಗೊತ್ತಾಗುತ್ತದೆ. ನೀರು ತಾಗಿಸಬೇಡ ಎಂದು ಹೇಳಿದ್ದರೂ ಮೈಲಿಗೆ ಕಳೆಯಲು ಸ್ನಾನ ಮಾಡುತ್ತಾನೆ, ಕಣ್ಣು ಕಳೆದುಕೊಳ್ಳುತ್ತಾನೆ. "ಜಾತಿ ಕೆಟ್ಟದ್ದು" ಎಂದು ಎಲ್ಲರೂ ತಲೆ ಅಲ್ಲಾಡಿಸಿ ಮುಗಿಸುವ ಅಪಾಯ ಇಲ್ಲಿ ಇದೆ. ಅದಕ್ಕೆ ಆ ಕಡೆ ಹೋಗಬೇಡಿ. ಬಸಲಿಂಗ ದುಷ್ಟನಲ್ಲ, ಪಾಪದ ರೈತ. ಅವನ ಮೇಲೆ ನಿಮಗೆ ಸಿಟ್ಟು ಬಂತಾ, ಕನಿಕರ ಬಂತಾ ಎಂದು ಕೇಳಿ. ಎರಡೂ ಬಂತು ಎನ್ನುವವರನ್ನು ಸುಲಭಕ್ಕೆ ಬಿಡಬೇಡಿ, ಯಾವುದು ಮೊದಲು ಬಂತು ಎಂದು ಕೇಳಿ.

ಇದಕ್ಕೆ ಜೋಡಿಯಾಗಿ ಓದಬೇಕಾದ ಹಳೆಯ ಕತೆ ಒಂದಿದೆ, ಆನಂದ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅಜ್ಜಂಪುರ ಸೀತಾರಾಮರ "ನಾನು ಕೊಂದ ಹುಡುಗಿ". ಪಟ್ಟಣದ ವಿದ್ಯಾವಂತ ಹಳ್ಳಿಯ ಮನೆಯೊಂದರಲ್ಲಿ ಉಳಿದುಕೊಳ್ಳುತ್ತಾನೆ. ಆ ಮನೆಯ ಮಗಳು ಚೆನ್ನಿಯನ್ನು ಬಸವಿ ಬಿಟ್ಟಿದ್ದಾರೆ, ಅಂದರೆ ಮದುವೆ ಮಾಡದೆ ದೇವರ ಹೆಸರಿನಲ್ಲಿ ಬಿಟ್ಟಿದ್ದಾರೆ. ಅವಳಿಗೆ ಅದು ದೇವರ ಸೇವೆ. ಅವನು ಅದು ಪಾಪ ಎಂದು ತಿಳಿಹೇಳುತ್ತಾನೆ. ಬುದ್ಧಿಮಾತು ಹೇಳಿದ ಸಮಾಧಾನದಲ್ಲಿ ಮಲಗುತ್ತಾನೆ. ಬೆಳಗಾಗುವಾಗ ಹುಡುಗಿ ಇಲ್ಲ. ಅವನು ಹೇಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲವಲ್ಲ? ಕತೆಯ ಹೆಸರಿನಲ್ಲೇ ಅವನು ತಪ್ಪು ಒಪ್ಪಿಕೊಂಡಿದ್ದಾನೆ, ಆದರೆ ಆ ಒಪ್ಪಿಗೆಯನ್ನು ನಾವು ಒಪ್ಪಬೇಕಾ? ಟೀಚರ್‌ಗಳು ಇರುವ ಗುಂಪಿಗೆ ಇದು ಹೇಳಿ ಮಾಡಿಸಿದ ಕತೆ. ಬುದ್ಧಿ ಹೇಳುವುದೇ ನಮ್ಮ ಕಸುಬು ನೋಡಿ.

ಈಗ ನಿಮ್ಮ ಬ್ಯಾಂಕ್ ಮ್ಯಾನೇಜರಿಗೆ. ಪೂರ್ಣಚಂದ್ರ ತೇಜಸ್ವಿಯವರ "ತಬರನ ಕತೆ". ನಿವೃತ್ತನಾದ ಬಡ ಜವಾನ ತಬರನಿಗೆ ಪೆನ್ಷನ್ ಬರುವುದಿಲ್ಲ. ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೆಯುತ್ತಾ ಬರುತ್ತದೆ. ಅವನು ಆಫೀಸಿನಿಂದ ಆಫೀಸಿಗೆ ಅಲೆಯುತ್ತಾನೆ. ಈ ಕತೆಯ ಕಷ್ಟ ಏನೆಂದರೆ ಎಲ್ಲರಿಗೂ ಅಳು ಬರುತ್ತದೆ, ಎಲ್ಲರೂ ಸರ್ಕಾರಕ್ಕೆ ಬೈಯುತ್ತಾರೆ, ಮಾತು ಮುಗಿಯುತ್ತದೆ. ಹಾಗಾಗದಂತೆ ಮ್ಯಾನೇಜರರನ್ನು ಮುಂದೆ ಕೂರಿಸಿ. ಫೈಲು ನೋಡಿದವರು ಅವರು, ಸಹಿ ಹಾಕಲು ಆಗುವುದಿಲ್ಲ ಎಂದು ಯಾರಿಗೋ ಹೇಳಿ ಕಳಿಸಿದವರೂ ಆಗಿರಬಹುದು. ತಬರನ ದಾರಿಯಲ್ಲಿ ಬಂದ ಒಬ್ಬೊಬ್ಬ ಗುಮಾಸ್ತನನ್ನೂ ಬೇರೆ ಬೇರೆಯಾಗಿ ನಿಲ್ಲಿಸಿ ವಿಚಾರಿಸಿದರೆ, ನಿಯಮ ಮುರಿದವನು ಒಬ್ಬನಾದರೂ ಸಿಗುತ್ತಾನಾ? ಸಿಗದಿದ್ದರೆ ಆ ಹೆಂಗಸಿನ ಕಾಲಿಗೆ ಹೊಣೆ ಯಾರು? ಕತೆ ಆಗ ಸರ್ಕಾರದ ಮೇಲಿನ ದೂರಾಗಿ ಉಳಿಯುವುದಿಲ್ಲ. ಕೋಣೆಯಲ್ಲಿ ಕೂತ ಪ್ರತಿ ನೌಕರಸ್ಥರ ಹತ್ತಿರಕ್ಕೂ ಬರುತ್ತದೆ. ಕತೆ 1973ರ "ಅಬಚೂರಿನ ಪೋಸ್ಟಾಫೀಸು" ಸಂಕಲನದಲ್ಲಿ ಸಿಗುತ್ತದೆ. ಆ ಒಂದು ಪುಸ್ತಕ ಕೊಂಡರೆ ನಿಮ್ಮ ಗುಂಪಿಗೆ ಅರ್ಧ ವರ್ಷದ ಸಾಮಾನು ಸಿಕ್ಕಿದಂತೆ.

ಮುಂಬೈಯಿಂದ ಮರಳಿದ ಹಿರಿಯರಿಗೆ ಜಯಂತ ಕಾಯ್ಕಿಣಿ. ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳಿಗೆ ಮುಂಬೈ ಎಂದರೆ ಪಕ್ಕದ ಊರು. ಬಸ್ಸು ಹತ್ತಿ ಹೋದವರು ಮನಿಆರ್ಡರ್ ಕಳಿಸುತ್ತಾ ಅಲ್ಲೇ ವಯಸ್ಸಾದರು. ಗೋಕರ್ಣದ ಕಾಯ್ಕಿಣಿ ಅದೇ ಮುಂಬೈಯ ಚಾಳು, ಲೋಕಲ್ ರೈಲು, ಇರಾನಿ ಹೋಟೆಲುಗಳೊಳಗಿಂದ ಕತೆ ತೆಗೆದವರು. "ದಗಡೂ ಪರಬನ ಅಶ್ವಮೇಧ"ದಲ್ಲಿ ಮದುಮಗನನ್ನು ಹೊತ್ತ ಕುದುರೆ ದಿಬ್ಬಣ ಬಿಟ್ಟು ಓಡುತ್ತದೆ, ಮುಂಬೈಯ ರಸ್ತೆಗಳಲ್ಲಿ. ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. "ನೋ ಪ್ರೆಸೆಂಟ್ಸ್ ಪ್ಲೀಸ್"ನಲ್ಲಿ ಬಡ ಜೋಡಿಯೊಂದು ಮದುವೆಯ ಕಾರ್ಡು ಬರೆಯಲು ಕೂರುತ್ತದೆ. ದೊಡ್ಡವರ ಕಾರ್ಡಿನಲ್ಲಿ ಇರುವ ಆ ಸಾಲು ಇವರ ಕಾರ್ಡಿಗೆ ಒಪ್ಪುತ್ತದೆಯೇ? ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದ ಸಂಕಲನಕ್ಕೆ ಇದೇ ಹೆಸರು, ಅದಕ್ಕೆ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿ 2018ರಲ್ಲಿ ಬಂತು. ಹಿರಿಯರಿಗೆ ಕತೆ ಮೊದಲೇ ಕೊಟ್ಟು ಒಂದು ಮಾತು ಹೇಳಿ: ಇದರಲ್ಲಿರುವ ಮುಂಬೈ ನಿಜವಾ, ಇಲ್ಲ ಕವಿಯ ಕಲ್ಪನೆಯಾ, ನೀವೇ ಹೇಳಬೇಕು. ಓದದೇ ಬರಲು ಅವರಿಗೆ ಮನಸ್ಸಾಗುವುದಿಲ್ಲ.

ಊರಿನ ಲೇಖಕರನ್ನು ಬಿಟ್ಟೆ ಎಂದು ಬೈಯಬೇಡಿ. ಕನ್ನಡದ ಸಣ್ಣಕತೆಯ ಮೊದಲ ಹೆಜ್ಜೆಗಳೇ ನಮ್ಮಲ್ಲಿಯವು. ಬಂಟ್ವಾಳದ ಪಂಜೆ ಮಂಗೇಶರಾಯರು 1900ರ ಹೊತ್ತಿಗೆ ಮಂಗಳೂರಿನ "ಸುವಾಸಿನಿ" ಪತ್ರಿಕೆಯಲ್ಲಿ ಕತೆ ಬರೆಯುತ್ತಿದ್ದರು, ಮಾಸ್ತಿಯವರ "ರಂಗನ ಮದುವೆ" ಬಂದದ್ದು 1910ರಲ್ಲಿ. ಆದರೂ ಪಂಜೆಯವರ ಕತೆಗಳನ್ನು ಇತಿಹಾಸಕ್ಕಾಗಿ ಓದಬೇಕೇ ಹೊರತು ಚರ್ಚೆಗೆ ನಾನು ಸೂಚಿಸುವುದಿಲ್ಲ. ಊರಿನ ಅಭಿಮಾನ ಬೇರೆ, ಓದುವ ಸುಖ ಬೇರೆ. ಬೊಳುವಾರು ಮಹಮದ್ ಕುಂಞಿಯವರ ಮುತ್ತುಪ್ಪಾಡಿಯ ಕತೆಗಳನ್ನು ಮಾತ್ರ ಬಿಡಬೇಡಿ. ಪುತ್ತೂರು ಕಡೆಯ ಆ ಕಾಲ್ಪನಿಕ ಹಳ್ಳಿಯ ಮುಸ್ಲಿಂ ಮನೆಗಳ ಒಳಗೆ ಕನ್ನಡದ ಓದುಗರನ್ನು ಸಲುಗೆಯಿಂದ ಕರೆದುಕೊಂಡು ಹೋದವರು ಅವರು. ಬೇರೆಯವರು ಬರೆದಿದ್ದರೆ ದೊಡ್ಡ ಭಾಷಣವಾಗುತ್ತಿದ್ದುದನ್ನು ಅವರು ನಗಿಸಿಕೊಂಡೇ ಹೇಳುತ್ತಾರೆ. ಸಾರಾ ಅಬೂಬಕ್ಕರ್ ಅವರ ಕಾದಂಬರಿ ಎಲ್ಲರಿಗೂ ಗೊತ್ತು, ಸಣ್ಣಕತೆಗಳನ್ನು ಓದಿದವರು ಕಡಿಮೆ. ಅವರ "ಚಪ್ಪಲಿಗಳು" ಸಂಕಲನ ಸಿಕ್ಕಿದರೆ ಎತ್ತಿಕೊಳ್ಳಿ.

ದೇವನೂರ ಮಹಾದೇವರ "ಅಮಾಸ" ನಮ್ಮ ಊರಿನದ್ದಲ್ಲ. ಆದರೆ ನವರಾತ್ರಿಗೆ ಮಂಗಳೂರಿನಲ್ಲಿ, ಅಷ್ಟಮಿಗೆ ಉಡುಪಿಯ ರಥಬೀದಿಯಲ್ಲಿ ಹುಲಿವೇಷದ ತಾಸೆಯ ಸದ್ದಿಗೆ ಕಾಲು ಕುಣಿಸಿದವರು ಆ ಕತೆಯೊಳಗಿನ ಹುಲಿವೇಷವನ್ನು ಬೇರೆಯೇ ರೀತಿ ಓದುತ್ತಾರೆ. ಮಾರಿಗುಡಿಯಲ್ಲಿ ಬೆಳೆಯುವ ಅನಾಥ ಹುಡುಗ ಅಮಾಸ ಮಾರಿಹಬ್ಬದಲ್ಲಿ ಹುಲಿಯಾಗುತ್ತಾನೆ. ಬಣ್ಣ ಹಚ್ಚಿದಾಗ ಊರೇ ನೋಡುತ್ತದೆ. ಬಣ್ಣ ತೊಳೆದ ಮೇಲೆ? ಮೈಸೂರು ಸೀಮೆಯ ಆಡುಮಾತು ನಮ್ಮವರಿಗೆ ಮೊದಲ ಪುಟದಲ್ಲಿ ತೊಡರುತ್ತದೆ. ಗಟ್ಟಿಯಾಗಿ ಓದಿದರೆ ಎರಡನೇ ಪುಟದಿಂದ ಸಲೀಸು.

ಬಾನು ಮುಷ್ತಾಕ್ ಅವರ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ದೀಪಾ ಭಾಸ್ತಿ ಅನುವಾದಿಸಿದ ಹನ್ನೆರಡು ಕತೆಗಳ "ಹಾರ್ಟ್ ಲ್ಯಾಂಪ್"ಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ಎಲ್ಲರ ಮನೆಯಲ್ಲೂ ಆ ಪುಸ್ತಕ ಇದೆ, ಓದಿದವರು ಎಷ್ಟು ಮಂದಿಯೋ. ನೀವು ಕನ್ನಡದಲ್ಲೇ "ಕರಿ ನಾಗರಗಳು" ಓದಿಸಿ. ಬರೀ ಹೆಣ್ಣುಮಕ್ಕಳನ್ನು ಹೆತ್ತಳೆಂದು ಗಂಡ ಬಿಟ್ಟುಹೋದ ಹೆಂಗಸು ನ್ಯಾಯ ಕೇಳಿ ಮಸೀದಿಗೆ ಬಂದು ಕೂರುತ್ತಾಳೆ. ಮಸೀದಿಯ ಉಸ್ತುವಾರಿ ನೋಡುವ ಮುತವಲ್ಲಿಗೆ ಅವಳನ್ನು ಎಬ್ಬಿಸುವುದು ಹೇಗೆ ಎಂಬುದೇ ಚಿಂತೆ. "ಅವರಲ್ಲಿ ಹಾಗೆ" ಎಂದು ಯಾರಾದರೂ ಹೇಳಿದರೆ ಅವತ್ತೇ "ಮುಟ್ಟಿಸಿಕೊಂಡವನು" ತೆಗೆಯಿರಿ. ಈ ಎರಡು ಕತೆಗಳನ್ನು ಒಂದರ ಹಿಂದೆ ಒಂದು ಓದಿಸುವುದು ಒಳ್ಳೆಯದು.

ಬೇರೆ ಭಾಷೆಯದ್ದು ಬೇಕಾದರೆ ಪ್ರೇಮಚಂದರ 1936ರ "ಕಫನ್". ಹೆರಿಗೆ ನೋವಿನಲ್ಲಿ ಸತ್ತ ಸೊಸೆಯ ಹೆಣಕ್ಕೆ ಬಟ್ಟೆ ತರಲು ಊರವರು ಕೊಟ್ಟ ದುಡ್ಡಿನಲ್ಲಿ ಅಪ್ಪ ಮಗ ಕುಡಿದು ತಿನ್ನುತ್ತಾರೆ. ಇದನ್ನು ಓದಿ ಎಲ್ಲರೂ ಒಂದೇ ಮಾತು ಹೇಳಿದರೆ ನಿಮ್ಮ ಗುಂಪಿನಲ್ಲಿ ಯಾರೋ ನಿದ್ದೆ ಮಾಡುತ್ತಿದ್ದಾರೆ ಎಂದೇ ಅರ್ಥ. ಭಾರದ ಕತೆಗಳೇ ಸಾಲಾಗಿ ಬಂದು ಜನ ಬೇಸತ್ತರೆ ಮಲಯಾಳದ ಬಶೀರರ "ವಿಶ್ವವಿಖ್ಯಾತ ಮೂಗು" ಇಡಿ. ಅಡುಗೆಯವನ ಮೂಗು ಇದ್ದಕ್ಕಿದ್ದಂತೆ ಬೆಳೆಯುತ್ತದೆ, ಅವನು ದೇಶದ ದೊಡ್ಡ ಮನುಷ್ಯನಾಗುತ್ತಾನೆ. 1954ರ ಕತೆ ಎಂದು ಹೇಳದಿದ್ದರೆ ಮೊನ್ನೆ ಬರೆದದ್ದು ಎಂದು ನಂಬುತ್ತಾರೆ.

ಇನ್ನು ಸೂಚಿಸುವ ರೀತಿ. ಕತೆಯ ಸಾರಾಂಶ ಹೇಳಬೇಡಿ. "ಬಹಳ ಅದ್ಭುತ, ಕಣ್ಣೀರು ಬರುತ್ತದೆ" ಎಂದಂತೂ ಹೇಳಲೇಬೇಡಿ. ಕಣ್ಣೀರು ಬಾರದವರು ಆಮೇಲೆ ಬಾಯಿ ಬಿಡುವುದಿಲ್ಲ. ಒಂದು ಪ್ರಶ್ನೆ ಮಾತ್ರ ಕೊಟ್ಟು ಬಿಡಿ: "ಮಂಗಮ್ಮನ ಸೊಸೆ ಮಾಡಿದ್ದು ಸರಿಯಾ? ಓದಿ ಬನ್ನಿ." ಪುಸ್ತಕದ ಹೆಸರು ಹೇಳಿ ಹುಡುಕಿಕೊಳ್ಳಿ ಎಂದರೆ ಯಾರೂ ಹುಡುಕುವುದಿಲ್ಲ, ಒಂದೇ ಪ್ರತಿ ಮನೆಯಿಂದ ಮನೆಗೆ ದಾಟಿಸುವ ಏರ್ಪಾಟು ಮಾಡಿ. ಅಷ್ಟಾದರೂ ಓದದೇ ಬರುವವರು ಇದ್ದೇ ಇರುತ್ತಾರೆ. ಅವರಿಗಾಗಿ ಕೂತಲ್ಲೇ ಕತೆಯನ್ನು ಗಟ್ಟಿಯಾಗಿ ಓದಿಬಿಡಿ. ಎಂಟು ಹತ್ತು ಪುಟದ ಕತೆಗೆ ಅರ್ಧ ಗಂಟೆ ಸಾಕು. ಯಕ್ಷಗಾನಕ್ಕೆ ರಾತ್ರಿಯಿಡೀ ಕೂತವರ ಮಕ್ಕಳು ನಾವು, ಅರ್ಧ ಗಂಟೆ ಕಿವಿ ಕೊಡಲು ಯಾರಿಗೂ ಕಷ್ಟ ಆಗದು. ಚಾ ಕೊನೆಗೆ ಕೊಡಿ, ಮೊದಲು ಕೊಟ್ಟರೆ ಕೆಲಸ ಕೆಟ್ಟಿತು. ಸೂಚಿಸಿದವರು ಮೊದಲು ಮಾತಾಡಬಾರದು ಎಂಬ ನಿಯಮವನ್ನೂ ಹಾಕಿಕೊಳ್ಳಿ. ಅವರು ಹೊಗಳಿದ ಮೇಲೆ ತೆಗಳಲು ಉಳಿದವರಿಗೆ ದಾಕ್ಷಿಣ್ಯ.

ಪುಸ್ತಕ ಎಲ್ಲಿ ಸಿಗುತ್ತದೆ ಎನ್ನುವಿರಾದರೆ, ಉಡುಪಿಯ ಅಜ್ಜರಕಾಡಿನ ಗ್ರಂಥಾಲಯದಲ್ಲೂ ಮಂಗಳೂರಿನ ಬಾವುಟಗುಡ್ಡೆಯ ಗ್ರಂಥಾಲಯದಲ್ಲೂ ಕೇಳಿ ನೋಡಿ. ಇಷ್ಟೆಲ್ಲ ಬೇರೆ ಬೇರೆ ಸಂಕಲನ ಕೊಳ್ಳುವುದು ಹೊರೆ ಅನಿಸಿದರೆ, ಎಸ್. ದಿವಾಕರ್ ಸಂಪಾದಿಸಿದ "ಶತಮಾನದ ಸಣ್ಣ ಕಥೆಗಳು" ಒಂದನ್ನು ಎಲ್ಲರೂ ಸೇರಿ ಕೊಂಡುಕೊಳ್ಳಿ. ಇಪ್ಪತ್ತನೇ ಶತಮಾನದ ದೊಡ್ಡ ದೊಡ್ಡ ಕತೆಗಾರರೆಲ್ಲ ಅದರಲ್ಲಿ ಒಟ್ಟಿಗೆ ಸಿಗುತ್ತಾರೆ.

ಮಗಳಿಗೆ? ಮೊದಲು ತೇಜಸ್ವಿಯವರ "ಡೇರ್ ಡೆವಿಲ್ ಮುಸ್ತಾಫಾ". ಕಾಲೇಜಿನ ಕತೆ, ಸಾಲುಗಳು ಚಿಕ್ಕವು, ನಗು ಬೇಕಾದಷ್ಟು. ಇಡೀ ಕ್ಲಾಸಿಗೆ ಹೊಸಬನಾಗಿ ಬಂದ ಒಬ್ಬ ಮುಸ್ಲಿಂ ಹುಡುಗನ ಸುತ್ತ ಉಳಿದವರು ಕಟ್ಟಿಕೊಂಡ ಕಲ್ಪನೆಗಳು. ಹಾಸ್ಟೆಲು, ಗ್ಯಾಂಗು ಎಲ್ಲ ನೋಡುವ ಹುಡುಗಿಗೆ ಅದು ಹಳೆಯ ಕಾಲದ್ದು ಅನಿಸುವುದಿಲ್ಲ. ತೇಜಸ್ವಿಯವರ ಓದುಗರೇ ಹಣ ಸೇರಿಸಿ ಮಾಡಿದ ಸಿನಿಮಾ 2023ರಲ್ಲಿ ಬಂತು, ಅದನ್ನು ಅವಳು ಆಗಲೇ ನೋಡಿದ್ದರೆ ಇನ್ನೂ ಒಳ್ಳೆಯದು. ಕತೆ ಗೊತ್ತಿದ್ದರೆ ನಿಧಾನ ಓದುವವರಿಗೆ ಧೈರ್ಯ ಬರುತ್ತದೆ. ಆಮೇಲೆ ಕಾಯ್ಕಿಣಿ ಕೊಡಿ, ಇಂಗ್ಲಿಷ್ ಅನುವಾದ ಪಕ್ಕದಲ್ಲಿ ಇಟ್ಟುಕೊಂಡು ಓದಲಿ, ಅದರಲ್ಲಿ ನಾಚಿಕೆ ಏನಿಲ್ಲ. ಅನಂತಮೂರ್ತಿಯವರನ್ನು ಈಗಲೇ ಕೊಡಬೇಡಿ. ಮತ್ತೆ ಒಂದು ವಿಷಯ: ಕೂತಾಗ ಅವಳ ಕೈಯಲ್ಲಿ ಗಟ್ಟಿಯಾಗಿ ಓದಿಸಬೇಡಿ, ಹಿರಿಯರ ಮುಂದೆ ತಡವರಿಸಿದರೆ ಮುಂದಿನ ತಿಂಗಳು ಅವಳು ಬರುವುದಿಲ್ಲ. ವಾದ ಶುರುವಾದಾಗ ಮೊದಲ ಮಾತು ಅವಳಿಗೆ ಬಿಡಿ, ಬ್ಯಾಂಕ್ ಮ್ಯಾನೇಜರಿಗೆ ಕೊನೆಯದು.